ಬೆಳ್ಳಿತೆರೆಯ ರಾಣಿಯರೂ ನಮ್ಮ ದೊಡ್ಡಮ್ಮನೂ

ಈ ವರ್ಷ ನಮ್ಮ ಕಾಲೇಜಿನ ಚರ್ಚಾಕೂಟದಲ್ಲಿ “ಚಲನಚಿತ್ರದಿಂದ ಸ್ತ್ರೀಯರ ಗೌರವ ಹೆಚ್ಚಿದೆ” ಎಂಬ ವಿಷಯವನ್ನು ಇಟ್ಟಿದ್ದರು. ನಾನು ಹೆಚ್ಚಿದೆ ಎನ್ನುವವರ ಪಕ್ಷದಲ್ಲಿದ್ದೆ. ಚೀಟಿ ಎತ್ತಿದಾಗ ಬಂದ ಪಕ್ಷವೇ ಹೊರತು ನಾನು ಆರಿಸಿಕೊಂಡದ್ದಲ್ಲ. ಆದರೂ ಚೀಟಿಯ ಋಣವನ್ನು ತೀರಿಸಬೇಕಷ್ಟೆ! ನನಗೆ ತಿಳಿದಷ್ಟನ್ನು ಗಟ್ಟಿಯಾಗಿ ಹೇಳಿ ಕುಳಿತೆ. ಆಗ ಎದುರುಪಕ್ಷದ ಗೆಳೆಯರೊಬ್ಬರು ಎದ್ದು ಒಂದೇ ಪ್ರಶ್ನೆ ಕೇಳಿದರು: “ನಾಡನ್ನೋ, ಊರನ್ನೋ, ಕಡೆಗೆ ಒಂದು ಕಚೇರಿಯನ್ನೋ ನಡೆಸುವ ಹೆಣ್ಣನ್ನು ತೋರಿಸಿದ ಐದು ಕನ್ನಡ ಚಿತ್ರಗಳನ್ನು ಹೆಸರಿಸಿ.”

ಮೊದಲನೆಯದು ನಾಲಗೆಯ ತುದಿಯಲ್ಲೇ ಇತ್ತು, ಕಿತ್ತೂರು ಚೆನ್ನಮ್ಮ. ಎರಡನೆಯದಾಗಿ ಒನಕೆ ಓಬವ್ವ ಎಂದೆ. “ಓಬವ್ವ ಯಾವ ಕಚೇರಿ ನಡೆಸಿದಳು, ಸ್ವಾಮಿ?” ಎಂದು ಹಿಂದಿನ ಬೆಂಚಿನಿಂದ ಯಾರೋ ಕೂಗಿದರು. ನಗೆಯ ನಡುವೆ ಮೂರನೆಯದಕ್ಕೆ ಮಾಲಾಶ್ರೀಯವರ ಪೊಲೀಸ್ ಚಿತ್ರವೊಂದನ್ನು ಹೇಳಿದೆ. ನಾಲ್ಕನೆಯದನ್ನು ಹುಡುಕುವಷ್ಟರಲ್ಲಿ ಗಂಟೆ ಬಾರಿಸಿತು. ಬಹುಮಾನ ಆ ಗೆಳೆಯರಿಗೇ ಹೋಯಿತು, ಹೋದದ್ದು ನ್ಯಾಯವೇ. ಆದರೆ ಅಂದು ಸಂಜೆ ಕುಂದಾಣದ ಬಸ್ಸಿನಲ್ಲಿ ಊರಿಗೆ ಹಿಂತಿರುಗುವಾಗ ಆ ಪ್ರಶ್ನೆ ನನ್ನ ಜೊತೆಯಲ್ಲೇ ಬಂದು ಕುಳಿತಿತು. ಅಂದು ವೇದಿಕೆಯ ಮೇಲೆ ಹೇಳಲಾರದೆ ಹೋದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಸೋತವರಿಗೆ ವಾರ್ಷಿಕ ಸಂಚಿಕೆಯಲ್ಲಾದರೂ ಎರಡನೆಯ ಅವಕಾಶ ಉಂಟಲ್ಲ!

ಮೊದಲು ಚೆನ್ನಮ್ಮನ ವಿಷಯ. ಬಿ. ಆರ್. ಪಂತುಲು ಅವರ ‘ಕಿತ್ತೂರು ಚೆನ್ನಮ್ಮ’ 1961ರಲ್ಲಿ ತೆರೆಗೆ ಬಂತು. ಬಿ. ಸರೋಜಾದೇವಿ ಚೆನ್ನಮ್ಮ, ರಾಜ್‌ಕುಮಾರ್ ಮಲ್ಲಸರ್ಜ, ಎಂ. ವಿ. ರಾಜಮ್ಮ ಹಿರಿಯ ರಾಣಿ ರುದ್ರಮ್ಮ. ನಮ್ಮ ತಾಯಂದಿರ ಕಾಲಕ್ಕಿಂತ ಹಿಂದಿನ ಆ ಚಿತ್ರವನ್ನು ಇಂದಿಗೂ ನವೆಂಬರ್ ತಿಂಗಳು ಬಂತೆಂದರೆ ದೂರದರ್ಶನದಲ್ಲಿಯೋ ಫೋನಿನಲ್ಲಿಯೋ ಜನ ನೋಡುತ್ತಾರೆ. ಅದನ್ನು ಕಡಿಮೆ ಮಾಡಿ ಮಾತನಾಡುವ ಉದ್ದೇಶ ನನಗಿಲ್ಲ. ಕಪ್ಪ ಕೇಳಿದವರ ಎದುರು ಆಕೆ ಎದ್ದುನಿಂತು ಮಾತನಾಡುವಾಗ ಮೈ ಜುಮ್ಮೆನ್ನದ ಕನ್ನಡಿಗರು ಯಾರು?

ಆದರೆ ಇತಿಹಾಸದ ಚೆನ್ನಮ್ಮ ಕತ್ತಿ ಹಿಡಿದದ್ದು ಕಡೆಯಲ್ಲಿ. ಅದಕ್ಕೆ ಮೊದಲು ಆಕೆ ಹಿಡಿದದ್ದು ಲೆಕ್ಕಪತ್ರವನ್ನು. ಗಂಡ ತೀರಿಕೊಂಡಿದ್ದ, 1824ರಲ್ಲಿ ದೊರೆಯಾಗಿದ್ದ ಶಿವಲಿಂಗರುದ್ರಸರ್ಜನೂ ಮಕ್ಕಳಿಲ್ಲದೆ ತೀರಿಕೊಂಡ. ದತ್ತು ಮಗನನ್ನು ಕಂಪನಿ ಸರ್ಕಾರ ಒಪ್ಪಲಿಲ್ಲ. ಧಾರವಾಡದ ಅಧಿಕಾರಿ ಥ್ಯಾಕರೆ ಬೊಕ್ಕಸಕ್ಕೆ ಮುದ್ರೆಯೊತ್ತಿಸಲು ಬಂದ. ರಾಣಿ ಮುಂಬಯಿಯ ಗವರ್ನರ್ ಎಲ್ಫಿನ್‌ಸ್ಟನ್‌ಗೆ ಪತ್ರ ಬರೆಸಿದಳು, ದತ್ತು ನ್ಯಾಯವಾದದ್ದೆಂದು ವಾದಿಸಿದಳು, ಯಾವ ಸರದಾರ ತನ್ನ ಕಡೆ, ಯಾವನು ಕಂಪನಿಯ ಕಡೆ ಎಂದು ಅಳೆದಳು. 1824ರ ಅಕ್ಟೋಬರ್ 23ರಂದು ಥ್ಯಾಕರೆ ಸತ್ತಮೇಲೆ ಎಲಿಯಟ್, ಸ್ಟೀವನ್‌ಸನ್ ಎಂಬ ಇಬ್ಬರು ಆಂಗ್ಲ ಅಧಿಕಾರಿಗಳು ಆಕೆಯ ಸೆರೆಯಲ್ಲಿದ್ದರು. ಅವರನ್ನು ಕೊಲ್ಲದೆ ಇಟ್ಟುಕೊಂಡು, ಸಂಧಿಯ ಮಾತು ನಡೆಸಿ, ಬಿಟ್ಟಳು. ಆ ನಂಬಿಕೆ ಸುಳ್ಳಾಯಿತು. ಡಿಸೆಂಬರಿನಲ್ಲಿ ಮತ್ತೆ ಸೈನ್ಯ ಬಂದು ಕೋಟೆ ಬಿತ್ತು. 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ಆಕೆ ಕಣ್ಣು ಮುಚ್ಚಿದಳು. ಇದರಲ್ಲಿ ಆಳುವುದೆಂದರೆ ಯಾವುದು? ಕುದುರೆಯ ಮೇಲಿದ್ದ ಒಂದು ಗಳಿಗೆಯೋ, ಸೆರೆಯಾಳುಗಳನ್ನು ಬಿಡುವುದೋ ಬೇಡವೋ ಎಂದು ನಿದ್ದೆಗೆಟ್ಟ ರಾತ್ರಿಗಳೋ? ನಮ್ಮ ಮನಸ್ಸಿನಲ್ಲಿ ಉಳಿದಿರುವ ಚೆನ್ನಮ್ಮ ಮಾತ್ರ ಕುದುರೆಯವಳು. ಊರೂರ ವೃತ್ತಗಳಲ್ಲಿ ನಿಂತಿರುವ ಪ್ರತಿಮೆಗಳೂ ಕುದುರೆಯವೇ.

ಈ ಸಂಗತಿ ನನಗೆ ಹೊಳೆದದ್ದು ಪುಸ್ತಕದಿಂದಲ್ಲ, ನಮ್ಮ ದೊಡ್ಡಮ್ಮನಿಂದ. ಒಂದು ರಾಜ್ಯೋತ್ಸವದ ದಿನ ಮನೆಯವರೆಲ್ಲ ಕುಳಿತು ಆ ಚಿತ್ರ ನೋಡುತ್ತಿದ್ದೆವು. ರಾಣಿ ಕುದುರೆ ಏರಿದಳು. ದೊಡ್ಡಮ್ಮ ಅವರೇಕಾಯಿ ಸುಲಿಯುತ್ತಿದ್ದ ಕೈಯನ್ನು ನಿಲ್ಲಿಸಿ ಕೇಳಿದರು: “ಅಲ್ಲ ಮಗಾ, ಆಯಮ್ಮ ಕುದ್ರೆ ಹತ್ತಿ ಹೊಂಟೋದ್ಲಲ್ಲ, ಅರಮನೆ ಲೆಕ್ಕ ಯಾರ್ ನೋಡ್ಕಂತವ್ರೆ?” ನಾವೆಲ್ಲ ನಕ್ಕೆವು. ಆಕೆ ನಗಲಿಲ್ಲ. ಆಕೆಗೆ ಲೆಕ್ಕದ ನೋವು ಗೊತ್ತಿತ್ತು. ಅದನ್ನು ಮುಂದೆ ಹೇಳುತ್ತೇನೆ.

ಈಗ 1972ನೆಯ ಇಸವಿಗೆ ಬರೋಣ. ಆ ವರ್ಷ ಕನ್ನಡ ಚಿತ್ರಲೋಕದಲ್ಲಿ ಎರಡು ಮಹಾ ಚಿತ್ರಗಳು ಬಂದವು. ಸಿದ್ಧಲಿಂಗಯ್ಯನವರ ‘ಬಂಗಾರದ ಮನುಷ್ಯ’ದಲ್ಲಿ ರಾಜೀವ ಹಳ್ಳಿಗೆ ಬಂದು, ಬಂಡೆ ಒಡೆಸಿ, ಬರಡು ನೆಲ ಹಸನು ಮಾಡಿ, ಊರಿನವರನ್ನು ತನ್ನ ಹಿಂದೆ ಕರೆದೊಯ್ಯುತ್ತಾನೆ. ಅದನ್ನು ನೋಡಿ ಪಟ್ಟಣ ಬಿಟ್ಟು ಹಳ್ಳಿಗೆ ಹಿಂತಿರುಗಿದವರು ಉಂಟೆಂದು ಹಿರಿಯರು ಇಂದಿಗೂ ಹೇಳುತ್ತಾರೆ. ನಾಯಕತ್ವವೆಂದರೆ ದಿನದಿನದ ದುಡಿಮೆ, ಲೆಕ್ಕ, ತಾಳ್ಮೆ, ಕಡೆಗೆ ಕೃತಘ್ನತೆಯನ್ನು ನುಂಗಿಕೊಳ್ಳುವ ಶಕ್ತಿ ಎಂಬುದನ್ನು ಆ ಚಿತ್ರ ಎಷ್ಟು ಚೆನ್ನಾಗಿ ತೋರಿಸಿತು! ಅದೇ ವರ್ಷ ಪುಟ್ಟಣ್ಣ ಕಣಗಾಲರ ‘ನಾಗರಹಾವು’ ಬಂತು. ಅದರಲ್ಲಿ ಜಯಂತಿಯವರು ಓಬವ್ವನಾಗಿ ಬಂದದ್ದು ಒಂದು ಹಾಡಿನಷ್ಟು ಹೊತ್ತು. ಗಂಡ ಊಟಕ್ಕೆ ಕುಳಿತಾಗ ನೀರು ತರಲು ಹೋದ ಹೆಣ್ಣು ಕಿಂಡಿಯ ಬಳಿ ಒನಕೆ ಹಿಡಿದು ನಿಂತಳು; ಶತ್ರುಗಳನ್ನು ಕೊಂದಳು; ತಾನೂ ಮಡಿದಳು. ಆ ಕೆಲವು ನಿಮಿಷಗಳಲ್ಲಿ ಜಯಂತಿಯವರ ಕಣ್ಣು ಆಡಿದ ಆಟವನ್ನು ಮರೆಯುವುದು ಸಾಧ್ಯವಿಲ್ಲ. ಆದರೂ ಲೆಕ್ಕ ಹಾಕಿ ನೋಡಿ: ಗಂಡಿಗೆ ಇಡೀ ಚಿತ್ರ, ಹೆಣ್ಣಿಗೆ ಒಂದು ಹಾಡು. ಗಂಡು ಊರು ಕಟ್ಟಿದ, ಹೆಣ್ಣು ಕಿಂಡಿ ಕಾಯ್ದಳು. ಅವಳ ಅಧಿಕಾರ ಗಂಡನ ಊಟ ಮುಗಿಯುವವರೆಗೆ.

ಅದೇ 1972ರ ಮಾರ್ಚಿಯಲ್ಲಿ ವಿಧಾನಸೌಧದಲ್ಲಿ ಇನ್ನೊಂದು ಸಂಗತಿ ನಡೆಯಿತು. ಗುಂಡ್ಲುಪೇಟೆಯಿಂದ ಆರಿಸಿ ಬಂದಿದ್ದ ಕೆ. ಎಸ್. ನಾಗರತ್ನಮ್ಮನವರು ವಿಧಾನಸಭೆಯ ಅಧ್ಯಕ್ಷರಾದರು. ನಮ್ಮ ರಾಜ್ಯದಲ್ಲಿ ಆ ಪೀಠವನ್ನೇರಿದ ಮೊದಲ ಮಹಿಳೆ ಅವರು. 1978ರವರೆಗೆ ಸಭೆ ನಡೆಸಿದರು. ಇನ್ನೂರಕ್ಕೂ ಹೆಚ್ಚು ಮಂದಿ ಶಾಸಕರು ಎದ್ದು ಕೂಗಾಡುವಾಗ ಒಬ್ಬ ಹೆಣ್ಣುಮಗಳು “ಕುಳಿತುಕೊಳ್ಳಿ” ಎಂದರೆ ಕುಳಿತುಕೊಳ್ಳಬೇಕು! ಇದಕ್ಕಿಂತ ಬೇರೆ ದೃಶ್ಯ ಬೇಕೆ? ಅವರಿಗಿಂತ ಹಿಂದೆ ಯಶೋಧರಾ ದಾಸಪ್ಪನವರು ಮಂತ್ರಿಯಾಗಿದ್ದು, ಪಾನನಿರೋಧವನ್ನು ಸಡಿಲಿಸಿದ್ದಕ್ಕೆ ಒಪ್ಪದೆ ರಾಜೀನಾಮೆ ಕೊಟ್ಟು ಹೊರನಡೆದಿದ್ದರು. ಗಾಂಧೀಮಾರ್ಗದ ಹೆಣ್ಣು, ಮಂತ್ರಿಪದವಿ, ಮದ್ಯದ ಹಣ, ರಾಜೀನಾಮೆ. ಕಥೆಗಾರರು ಕಷ್ಟಪಡಬೇಕಾದ್ದೇ ಇಲ್ಲ. ಆದರೂ ಈ ಇಬ್ಬರ ಹೆಸರನ್ನು ನಮ್ಮ ತರಗತಿಯಲ್ಲಿ ಕೇಳಿದರೆ ಹತ್ತರಲ್ಲಿ ಒಂಬತ್ತು ಮಂದಿ ಮುಖ ಮುಖ ನೋಡಿಕೊಳ್ಳುತ್ತಾರೆ. ನಾನೂ ಹಿಂದಿನ ವರ್ಷದವರೆಗೆ ಆ ಒಂಬತ್ತರಲ್ಲಿ ಒಬ್ಬಳು.

ಖಾಕಿ ಧರಿಸಿದ ನಾಯಕಿಯರ ಬಗೆಗೆ ಹೆಚ್ಚು ಹೇಳುವುದಿಲ್ಲ. ‘ಕನ್ನಡದ ಕಿರಣ್ ಬೇಡಿ’ 2009ರಲ್ಲಿ ಬಂತು. ಮಾಲಾಶ್ರೀಯವರ ಅಂಥ ಚಿತ್ರಗಳು ಇನ್ನೂ ಹಲವು. ಅವರು ಒದೆಯುವಾಗ ಹೆಣ್ಣುಮಕ್ಕಳೂ ಶಿಳ್ಳೆ ಹಾಕುತ್ತಾರೆ, ನಾನೂ ಹಾಕಿದ್ದೇನೆ. ಮನಸ್ಸಿಗೆ ಒಂದು ಬಗೆಯ ಸಮಾಧಾನವೇ ಆಗುತ್ತದೆ. ಆದರೆ ಅದು ಗಂಡು ನಾಯಕನ ಅಂಗಿಯನ್ನು ಹೆಣ್ಣಿಗೆ ತೊಡಿಸಿದ ಸಮಾಧಾನ. ಠಾಣೆಯಲ್ಲಿ ದೂರು ಬರೆದುಕೊಳ್ಳುವ, ರಾತ್ರಿ ಪಾಳಿಗೆ ಯಾರನ್ನು ಹಾಕುವುದೆಂದು ತೂಗಿ ನೋಡುವ, ಮೇಲಿನವರ ಫೋನು ಬಂದಾಗ ಏನು ಉತ್ತರ ಹೇಳುವುದೆಂದು ಯೋಚಿಸುವ ಅಧಿಕಾರಿಣಿ ಅಲ್ಲೆಲ್ಲಿ?

ಹಿಂದಿಯವರೇನೂ ನಮಗಿಂತ ಬಹಳ ಮುಂದಿದ್ದರೆಂದು ಭಾವಿಸಬೇಡಿ. ಗುಲ್ಜಾರರ ‘ಆಂಧಿ’ 1975ರಲ್ಲಿ ಬಂತು. ಸುಚಿತ್ರಾ ಸೇನ್ ಚುನಾವಣೆಗೆ ನಿಂತ ರಾಜಕಾರಣಿ. ಆಕೆಯ ಸೀರೆಯನ್ನೂ ನೆರೆತ ಕೂದಲಿನ ಗೆರೆಯನ್ನೂ ಕಂಡವರು ಇಂದಿರಾ ಗಾಂಧಿಯವರನ್ನೇ ನೆನೆದರು. ತುರ್ತುಪರಿಸ್ಥಿತಿಯಲ್ಲಿ ಚಿತ್ರಕ್ಕೆ ತಡೆ ಬಂತು, 1977ರಲ್ಲಿ ಸರ್ಕಾರ ಬದಲಾದಮೇಲೆ ಬಿಡುಗಡೆಯ ಭಾಗ್ಯ ಮರಳಿ ಬಂತು. ಬಹು ಒಳ್ಳೆಯ ಚಿತ್ರ. ಆದರೆ ಅದರ ಜೀವಾಳ ಯಾವುದು? ಆಕೆ ಬಿಟ್ಟುಬಂದ ಗಂಡ. ಅಧಿಕಾರದಲ್ಲಿರುವ ಹೆಣ್ಣಿನ ಕಥೆ ಹೇಳುವಾಗ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಮನೆಯನ್ನು ಇಟ್ಟೇ ತೂಗಬೇಕೆಂಬುದು ಒಂದು ಕಟ್ಟಳೆಯಾಗಿಬಿಟ್ಟಿದೆ. ಗಂಡು ಮಂತ್ರಿಯ ಕಥೆಯಲ್ಲಿ ಅವನು ಮನೆಯಲ್ಲಿ ಅನ್ನಕ್ಕೆ ಇಟ್ಟನೋ ಇಲ್ಲವೋ ಎಂದು ಯಾರಾದರೂ ಕೇಳಿದ್ದಾರೆಯೇ?

ಇನ್ನು ನಮ್ಮ ದೊಡ್ಡಮ್ಮನ ವಿಚಾರ. ಅದಕ್ಕೆ ಮೊದಲು ಕಾನೂನಿನ ಒಂದೆರಡು ಮಾತು ಅವಶ್ಯ. ಅಬ್ದುಲ್ ನಜೀರ್ ಸಾಬರ ಕಾಲದ 1983ರ ಕಾಯಿದೆಯಿಂದ ಕರ್ನಾಟಕದ ಪಂಚಾಯಿತಿಗಳಲ್ಲಿ ನಾಲ್ಕನೆಯ ಒಂದು ಭಾಗ ಸ್ಥಾನಗಳು ಹೆಂಗಸರಿಗೆ ಮೀಸಲಾದವು. 1987ರಲ್ಲಿ ಅದರಂತೆ ಚುನಾವಣೆ ನಡೆಯಿತು. ದೇಶಕ್ಕೆಲ್ಲ ಮೂರನೆಯ ಒಂದು ಭಾಗವೆಂದು ಸಂವಿಧಾನದ 73ನೆಯ ತಿದ್ದುಪಡಿ ಹೇಳಿದ್ದು ಆಮೇಲೆ, 1993ರಲ್ಲಿ ಅದು ಜಾರಿಗೆ ಬಂತು. 2010ರಲ್ಲಿ ನಮ್ಮ ರಾಜ್ಯ ಅದನ್ನು ಅರ್ಧಕ್ಕೆ ಏರಿಸಿತು. ಅಂದರೆ ಕಳೆದ ಹಲವು ವರ್ಷಗಳಲ್ಲಿ ಕನ್ನಡ ನಾಡಿನ ಹಳ್ಳಿಗಳಲ್ಲಿ ಸಾವಿರಾರು ಹೆಂಗಸರು ಅಧ್ಯಕ್ಷೆಯರಾಗಿ ಹೋಗಿದ್ದಾರೆ. ಅಧಿಕಾರ ನಡೆಸುವ ಹೆಣ್ಣು ನಮಗೆ ಕಿತ್ತೂರಿನಷ್ಟು ದೂರದವಳಲ್ಲ. ಬೀದಿಯ ಕೊನೆಯ ಮನೆಯವಳು.

ದೊಡ್ಡಮ್ಮ ನಮ್ಮ ಕಡೆಯ ಒಂದು ಪಂಚಾಯಿತಿಗೆ ಅಧ್ಯಕ್ಷೆಯಾದರು. ಊರಿನ ಹೆಸರು ಬೇಡ. ಮೀಸಲಾತಿಯ ಸರದಿ ಹಾಗೆ ಬಿತ್ತು, ದೊಡ್ಡಪ್ಪನ ಕಡೆಯವರಿಗೆ ಬೇರೆ ದಾರಿ ಇರಲಿಲ್ಲ. ಮೊದಲ ಒಂದು ವರ್ಷ ಊರೆಲ್ಲ ‘ಅಧ್ಯಕ್ಷರು’ ಎಂದು ಕರೆದದ್ದು ದೊಡ್ಡಪ್ಪನನ್ನು. ಸಭೆಗೆ ಹೋಗುತ್ತಿದ್ದವರು ಅವರು. ಕಾಗದಗಳು ಅವರ ಬೈಕಿನ ಪೆಟ್ಟಿಗೆಯಲ್ಲಿ ಮನೆಗೆ ಬರುತ್ತಿದ್ದವು. ದೊಡ್ಡಮ್ಮ ಕೈ ಒರೆಸಿಕೊಂಡು, ಒಲೆಯ ಪಕ್ಕದಲ್ಲೇ ಕುಳಿತು, ತೋರಿಸಿದ ಜಾಗದಲ್ಲಿ ರುಜು ಹಾಕುತ್ತಿದ್ದರು. ನಾಲ್ಕನೆಯ ತರಗತಿಯವರೆಗೆ ಓದಿದ ಕೈ; ಅಕ್ಷರಗಳು ಒಂದೊಂದು ಒಂದೊಂದು ಕಡೆ ನೋಡುತ್ತಿದ್ದವು.

ಒಂದು ಬೇಸಿಗೆಯಲ್ಲಿ ಬಂದ ಕಾಗದವನ್ನು ಓದಿ ಹೇಳೆಂದು ನನ್ನನ್ನು ಕರೆದರು. ಏಕೆ ಕರೆದರೋ ನನಗೆ ಇಂದಿಗೂ ತಿಳಿಯದು. ಕೊಳವೆಬಾವಿಯ ಮೋಟಾರನ್ನು ಮೂರು ಸಲ ಎತ್ತಿ ರಿಪೇರಿ ಮಾಡಿದ ಬಿಲ್ಲು ಅದು. ಸಾವಿರ ಅಡಿ ದಾಟಿ ಹೋದ ಬಾವಿಗಳು ನಮ್ಮವು. ಮೋಟಾರು ಎತ್ತುವುದೆಂದರೆ ಒಂದು ಜಾತ್ರೆ. ದೊಡ್ಡಮ್ಮ ಎರಡು ಸಲ ಓದಿಸಿದರು. “ಒಂದೇ ಸಲ ಎತ್ತಿದ್ದು. ಎತ್ತಿದೋರಿಗೆ ಕಾಫಿ ಕಾಸಿ ಕೊಟ್ಟೋಳು ನಾನೇ” ಎಂದರು. ರುಜು ಹಾಕಲಿಲ್ಲ. ಮುಂದಿನ ಸಭೆಗೆ ತಾವೇ ಹೊರಟರು; ಓದುವುದಕ್ಕೆಂದು ನನ್ನನ್ನೂ ಜೊತೆಗೆ ಕರೆದುಕೊಂಡರು. ದೊಡ್ಡಪ್ಪ ಬೈಕಿನಲ್ಲಿ ಬಿಟ್ಟು ಹೊರಗೆ ಹೊಂಗೆಮರದ ಕೆಳಗೆ ನಿಂತರು.

ಅಲ್ಲಿ ನಡೆದದ್ದರಲ್ಲಿ ನಾಟಕ ಏನೂ ಇರಲಿಲ್ಲ. ದೊಡ್ಡಮ್ಮ ಕುರ್ಚಿಯ ಅಂಚಿನಲ್ಲಿ ಕುಳಿತಿದ್ದರು, ಸೆರಗನ್ನು ಎರಡು ಸಲ ಸರಿಮಾಡಿಕೊಂಡರು. ಬಿಲ್ಲಿನ ಮಾತು ಬಂದಾಗ ಹಿರಿಯ ಸದಸ್ಯರೊಬ್ಬರು, “ಅಕ್ಕಾ, ಇದು ಹಿಂದ್ಲಿಂದ ಹಿಂಗೇ ನಡ್ಕಂಬಂದೈತೆ” ಎಂದು ಮೆಲ್ಲಗೆ ಹೇಳಿದರು. “ನಡ್ಕಂಬಂದಿದ್ರೆ ಸುಸ್ತಾಗಿರ್ತದೆ, ಇವತ್ತು ಕುಂತ್ಕಳ್ಲಿ ಬುಡಣ್ಣ” ಎಂದರು ದೊಡ್ಡಮ್ಮ. ಒಬ್ಬಿಬ್ಬರು ನಕ್ಕರು. ಬಿಲ್ಲು ಹಿಂದಕ್ಕೆ ಹೋಯಿತು. ಅಷ್ಟೆ.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಸಿನಿಮಾ ಆಗಿದ್ದರೆ ಮುಗಿಯುತ್ತಲೂ ಇತ್ತು. ಆದರೆ ಆ ವಾರವೇ ಮೋಟಾರು ಮತ್ತೆ ಕೆಟ್ಟಿತು. ಹಳೆಯ ಬಿಲ್ಲು ಪಾಸಾಗದೆ ಕೆಲಸಕ್ಕೆ ಬರುವುದಿಲ್ಲವೆಂದು ರಿಪೇರಿಯವನು ಕುಳಿತ. ಹನ್ನೆರಡು ದಿನ ಊರಿಗೆ ಟ್ಯಾಂಕರ್ ನೀರು. ಬಿಂದಿಗೆ ಹಿಡಿದು ಸಾಲುನಿಂತ ಹೆಂಗಸರು, ಹೆಂಗಸರೇ, ದೊಡ್ಡಮ್ಮನನ್ನು ಬಾಯಿಗೆ ಬಂದಂತೆ ಅಂದರು. ಆಕೆಯೂ ಅದೇ ಸಾಲಿನಲ್ಲಿ ಬಿಂದಿಗೆ ಇಟ್ಟು ನಿಂತಿದ್ದರು. ಮೊದಲು ತುಂಬಿಕೊಳ್ಳಿ ಎಂದು ಟ್ಯಾಂಕರಿನವನು ಕರೆದರೂ ಮುಂದೆ ಹೋಗಲಿಲ್ಲ. ಹದಿಮೂರನೆಯ ದಿನ ತಿದ್ದಿದ ಬಿಲ್ಲು ಬಂತು, ರುಜು ಬಿತ್ತು, ನೀರು ಬಂತು. ಅವಧಿ ಮುಗಿದ ಬಳಿಕ ಸ್ಥಾನದ ಮೀಸಲಾತಿ ಬದಲಾಯಿತು. ದೊಡ್ಡಮ್ಮ ಮತ್ತೆ ನಿಲ್ಲಲಿಲ್ಲ.

ಆ ಹನ್ನೆರಡು ದಿನಗಳನ್ನು ನಾನು ಯಾವ ಚಿತ್ರದಲ್ಲಿಯೂ ಕಂಡಿಲ್ಲ. ಶತ್ರುವಿನ ಬೈಗುಳವನ್ನು ಎದುರಿಸುವ ನಾಯಕಿಯನ್ನು ಕಂಡಿದ್ದೇನೆ. ಯಾರಿಗಾಗಿ ಸರಿಯಾದದ್ದನ್ನು ಮಾಡಿದಳೋ ಅವರ ಬೈಗುಳವನ್ನು ಬಿಂದಿಗೆ ಹಿಡಿದು ಕೇಳಿಸಿಕೊಳ್ಳುವ ನಾಯಕಿಯನ್ನು ಕಂಡಿಲ್ಲ. ರಾಜೀವನಿಗೆ ಆ ಭಾಗ್ಯ ಸಿಕ್ಕಿತು. ಹೆಣ್ಣಿಗೆ ಏಕೆ ಸಿಕ್ಕಬಾರದು?

ಇದಕ್ಕೆ ಹತ್ತಿರ ಬಂದ ಒಂದು ಚಿತ್ರ ಉಂಟು. ಎನ್. ಆರ್. ನಂಜುಂಡೇಗೌಡರ ‘ಹೆಬ್ಬೆಟ್ ರಾಮಕ್ಕ’. 2018ರಲ್ಲಿ ಬಿಡುಗಡೆಯಾಯಿತು, 2017ರ ಸಾಲಿನ ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿಯನ್ನೂ ಪಡೆಯಿತು. ಓದುಬರಹ ಅರಿಯದ ಹೆಂಗಸೊಬ್ಬಳು ಮೀಸಲಾತಿಯ ದೆಸೆಯಿಂದ ಅಧಿಕಾರಕ್ಕೆ ಬರುವ ಕಥೆ, ರಾಮಕ್ಕನಾಗಿ ತಾರಾ. ಚರ್ಚಾಕೂಟದ ದಿನ ಈ ಹೆಸರು ನನಗೆ ನೆನಪಾಗಲಿಲ್ಲವೆಂಬುದೇ ನನ್ನ ದೊಡ್ಡ ಸೋಲು. ಆದರೆ ಗೆಳೆಯರೆ, ನೆನಪಾಗದಿದ್ದುದು ನನಗೊಬ್ಬಳಿಗೇ ಅಲ್ಲ. ಅಂದು ಸಭಾಂಗಣದಲ್ಲಿ ಕುಳಿತಿದ್ದವರಲ್ಲಿ ಒಬ್ಬರೂ ಅದನ್ನು ಕೂಗಿ ಹೇಳಲಿಲ್ಲ. ಪ್ರಶಸ್ತಿ ಪಡೆದ ಚಿತ್ರವನ್ನು ಹೊಗಳಿ ಬದಿಗಿಡುವುದು, ಕುದುರೆಯ ಚಿತ್ರವನ್ನು ಮತ್ತೆ ಮತ್ತೆ ನೋಡುವುದು, ಇದು ನಿರ್ಮಾಪಕರ ತಪ್ಪು ಮಾತ್ರವೆಂದು ಹೇಳುವಂತಿಲ್ಲ.

ನಮ್ಮ ಅಧ್ಯಾಪಕರೊಬ್ಬರು ಈ ಬರಹದ ಕರಡನ್ನು ಓದಿ, “ಸಭೆ, ಬಿಲ್ಲು, ನಡಾವಳಿ ಪುಸ್ತಕ, ಇವನ್ನೆಲ್ಲ ತೆರೆಯ ಮೇಲೆ ತಂದರೆ ಜನ ಎದ್ದು ಹೋಗುತ್ತಾರಮ್ಮ” ಎಂದರು. ಇರಬಹುದು. ಆದರೆ ಬಂಡೆ ಒಡೆಯುವುದನ್ನು ಜನ ಎರಡು ವರ್ಷ ನೋಡಿದರಲ್ಲವೆ?

ವಿಚಿತ್ರವೆಂದರೆ, ತೆರೆಯ ಮೇಲೆ ಹೆಣ್ಣಿಗೆ ಸಿಗದ ಕುರ್ಚಿ ಅದೇ ನಟಿಯರಿಗೆ ತೆರೆಯ ಹೊರಗೆ ಸಿಕ್ಕಿದೆ. ಎಂ. ವಿ. ರಾಜಮ್ಮನವರು 1943ರಷ್ಟು ಹಿಂದೆಯೇ ‘ರಾಧಾರಮಣ’ವನ್ನು ನಿರ್ಮಿಸಿ ಕನ್ನಡದ ಮೊದಲ ನಿರ್ಮಾಪಕಿಯಾದರು. ಜಯಮಾಲಾ 2008ರಲ್ಲಿ ಚಲನಚಿತ್ರ ವಾಣಿಜ್ಯ ಮಂಡಳಿಯ ಮೊದಲ ಮಹಿಳಾ ಅಧ್ಯಕ್ಷರಾದರು, ಮುಂದೆ ಮಂತ್ರಿಯೂ ಆದರು. ಉಮಾಶ್ರೀ 2013ರಲ್ಲಿ ಮಂತ್ರಿಯಾದರು. ನಮ್ಮದೇ ಜಿಲ್ಲೆಯ ನೆಲಮಂಗಲದ ಬಳಿ ಸೋಲದೇವನಹಳ್ಳಿಯಲ್ಲಿ ನೆಲೆಸಿದ್ದ ಲೀಲಾವತಿಯವರನ್ನೇ ನೋಡಿ. 1960ರ ‘ರಾಣಿ ಹೊನ್ನಮ್ಮ’ದ ನಾಯಕಿ, ಆಮೇಲೆ ನೂರಾರು ಚಿತ್ರಗಳಲ್ಲಿ ಅಳುವ ತಾಯಿ, ಸಹಿಸುವ ಅತ್ತಿಗೆ. ಆ ಲೀಲಾವತಿ ತೋಟ ಮಾಡಿದರು, ಊರಿಗೆ ಸ್ವಂತ ಹಣದಿಂದ ಆಸ್ಪತ್ರೆ ಕಟ್ಟಿಸಿದರು, ಕಡೆಗೆ ದನಕರುಗಳಿಗೂ ಒಂದು ಆಸ್ಪತ್ರೆ ಕಟ್ಟಿಸಿದರು. ಅದು ಉದ್ಘಾಟನೆಯಾದ ಕೆಲವೇ ದಿನಗಳಲ್ಲಿ, 2023ರ ಡಿಸೆಂಬರ್ 8ರಂದು, ತೀರಿಕೊಂಡರು. ಊರಿಗೆ ಆಸ್ಪತ್ರೆ ಕಟ್ಟಿಸುವ ಹೆಣ್ಣಿನ ಪಾತ್ರವನ್ನು ಅವರಿಗಾಗಿ ಯಾರಾದರೂ ಬರೆದಿದ್ದರೆ, ಅಭಿನಯಿಸುವ ತೊಂದರೆಯೇ ಇರುತ್ತಿರಲಿಲ್ಲ.

ಇನ್ನೊಂದು ದಿನಾಂಕವನ್ನು ಹೇಳದೆ ಮುಗಿಸಲಾರೆ. 2025ರ ಜುಲೈ 14ರಂದು ಸರೋಜಾದೇವಿ ತೀರಿಕೊಂಡರು. ಮರುದಿನ, ಜುಲೈ 15ರಂದು, ಚನ್ನಪಟ್ಟಣದ ಕಡೆ ದಶವಾರದಲ್ಲಿ ಚೆನ್ನಮ್ಮನನ್ನು ಮಣ್ಣುಮಾಡಿದರು. ಅದೇ ದಿನ ನಮ್ಮ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆಯ ಭೂಸ್ವಾಧೀನವನ್ನು ಕೈಬಿಡುವುದಾಗಿ ಸರ್ಕಾರ ಸಾರಿತು. ಆ ಊರುಗಳ ರೈತರು ಮೂರು ವರ್ಷಕ್ಕೂ ಮೀರಿ ಧರಣಿ ಕುಳಿತಿದ್ದರು. ಹೆಂಗಸರೂ ಕುಳಿತಿದ್ದರು, ಮಗುವನ್ನು ಮಡಿಲಲ್ಲಿಟ್ಟುಕೊಂಡು, ರೇಷ್ಮೆಹುಳುವಿಗೆ ಸೊಪ್ಪು ಹಾಕುವ ಹೊತ್ತಿಗೆ ಎದ್ದು ಹೋಗಿ ಮತ್ತೆ ಬಂದು. ಮಾರನೆಯ ದಿನದ ಪತ್ರಿಕೆಯಲ್ಲಿ ಎರಡು ಸುದ್ದಿಯೂ ಇದ್ದವು. ಕುದುರೆಯ ಮೇಲಿನ ರಾಣಿಯ ಹಳೆಯ ಚಿತ್ರವನ್ನೂ, ಗುಲಾಲು ಎರಚಿಕೊಂಡ ರೈತರ ಚಿತ್ರವನ್ನೂ ಕತ್ತರಿಸಿ ನನ್ನ ನೋಟುಪುಸ್ತಕದಲ್ಲಿ ಇಟ್ಟುಕೊಂಡಿದ್ದೇನೆ.

ನಮ್ಮ ಕಾಲೇಜಿನ ನಾಟಕ ಸಂಘದವರಿಗೆ ಒಂದು ಬಿನ್ನಹ. ಪ್ರತಿ ವರ್ಷ ವಾರ್ಷಿಕೋತ್ಸವದಲ್ಲಿ ಓಬವ್ವನ ಏಕಪಾತ್ರಾಭಿನಯ ಇದ್ದೇ ಇರುತ್ತದೆ. ಇರಲಿ, ಬೇಡವೆನ್ನುವುದಿಲ್ಲ, ಒನಕೆಯನ್ನು ನಮ್ಮ ಮನೆಯಿಂದಲೇ ಎರಡು ಸಲ ತಂದುಕೊಟ್ಟಿದ್ದೇನೆ. ಈ ಸಲ ಅದರ ಜೊತೆಗೆ ಇಪ್ಪತ್ತು ನಿಮಿಷದ ಇನ್ನೊಂದು ಪುಟ್ಟ ನಾಟಕಕ್ಕೆ ಜಾಗ ಕೊಡಿ. ಪರದೆ ಬೇಡ, ಕತ್ತಿ ಬೇಡ. ಒಂದು ಮೇಜು, ಆರು ಕುರ್ಚಿ, ಒಂದು ನಡಾವಳಿ ಪುಸ್ತಕ, ಒಂದು ಖಾಲಿ ಬಿಂದಿಗೆ ಸಾಕು. ಮಾತುಗಳನ್ನು ನಾನು ಬರೆದುಕೊಡುತ್ತೇನೆ. ದೊಡ್ಡಮ್ಮನಿಗೆ ಓದಿ ಹೇಳಿದ್ದೇನೆ, ಎರಡು ಕಡೆ ತಿದ್ದಿಸಿದ್ದಾರೆ. ಮುಂದಿನ ಸಾಲಿನಲ್ಲಿ ಆಕೆಗೆ ಒಂದು ಜಾಗ ಇಟ್ಟಿರಿ. ದೊಡ್ಡಪ್ಪನೂ ಬರುತ್ತಾರೆ. ಈ ಸಲ ಒಳಗೇ ಕುಳಿತುಕೊಳ್ಳುತ್ತಾರಂತೆ.